ಪರೀಕ್ಷಾ ಪೆಟ್ಟಿಗೆಯ ಮಸೂರಗಳು

ಶಶಿಕಲಾ ಮಾನ್ವಿಯ ಕಾಲೇಜಿಗೆ ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಬಂದದ್ದು ಡಿಸೆಂಬರ್ ಮೊದಲ ವಾರದಲ್ಲಿ. ಹಿಂದಿನ ಉಪನ್ಯಾಸಕರು ನಿವೃತ್ತರಾಗಿ ಊರಿಗೆ ಹೋಗಿದ್ದರು. ದ್ವಿತೀಯ ಪಿಯುಸಿ ಮಕ್ಕಳ ಪ್ರಾಯೋಗಿಕ ಪರೀಕ್ಷೆಗೆ ಉಳಿದಿದ್ದು ಎರಡೇ ತಿಂಗಳು. ಅಕ್ಕಿ ಗಿರಣಿಯ ಕೆಲವು ಮಾಲೀಕರು ಸೇರಿ ಹಿಂದೆ ಯಾವಾಗಲೋ ಕಟ್ಟಿಸಿದ ಕಾಲೇಜು ಅದು. ಕಟ್ಟಡದ ಹಿಂದೆಯೇ ಗದ್ದೆ, ಗದ್ದೆಯಾಚೆ ಕಾಲುವೆ. ಕಿಟಕಿ ತೆರೆದಿಟ್ಟರೆ ಪಾಠದ ನಡುವೆ ಭತ್ತದ ತೌಡಿನ ವಾಸನೆ ಬರುತ್ತಿತ್ತು.

ಮೊದಲ ದಿನವೇ ಅವಳು ಮಕ್ಕಳ ರೆಕಾರ್ಡ್ ಪುಸ್ತಕಗಳನ್ನು ತರಿಸಿಕೊಂಡಳು. ನಲವತ್ತಾರು ಪುಸ್ತಕ. ಎಲ್ಲದರಲ್ಲೂ ಎಲ್ಲ ಪ್ರಯೋಗಗಳು ಮುಗಿದಿದ್ದವು, ಚಿತ್ರಗಳಿಗೆ ಪೆನ್ಸಿಲಿನಿಂದ ನೆರಳು ಕೂಡ ಕೊಟ್ಟಿದ್ದರು. ಹತ್ತು ಪುಸ್ತಕ ನೋಡುವಷ್ಟರಲ್ಲಿ ಅವಳಿಗೆ ವಿಷಯ ಗೊತ್ತಾಯಿತು. ಹತ್ತರಲ್ಲೂ ಒಂದೇ ಅಳತೆಗಳು. ಒಂದು ಕಡೆ ಯಾರೋ ಗುಣಾಕಾರ ತಪ್ಪಿದ್ದರು, ಆ ತಪ್ಪೂ ಹತ್ತರಲ್ಲಿತ್ತು.

ಪ್ರಯೋಗಾಲಯದ ಅಟೆಂಡರ್ ಖಾಜಾಮಿಯಾ ಬಾಗಿಲ ಹತ್ತಿರ ನಿಂತಿದ್ದ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದವನು. ಮೆಲುದನಿಯ ಮನುಷ್ಯ, ಹೆಗಲ ಮೇಲೆ ಯಾವಾಗಲೂ ಒಂದು ಒರೆಸುವ ಬಟ್ಟೆ.

"ಖಾಜಾಮಿಯಾ, ಈ ಹುಡುಗ್ರು ಒಮ್ಮೆರೆ ಒಳಗ ಬಂದು ಪ್ರಯೋಗ ಮಾಡ್ಯಾರೇನು?"

"ಬರ್ತಾರ್ರಿ ಮೇಡಂ. ಬಂದು ಕುಂತು ಬರಕೊಂಡು ಹೋಗ್ತಾರ."

"ಏನು ನೋಡಿ ಬರಕೋತಾರ?"

ಅವನು ಕಪಾಟಿನ ಮೇಲಿದ್ದ ಹಳೆಯ ರೆಕಾರ್ಡ್ ಪುಸ್ತಕವೊಂದರ ಕಡೆ ನೋಡಿದ. ಪುಟದ ಅಂಚುಗಳು ಎಣ್ಣೆ ಹಚ್ಚಿದಂತೆ ಮೆತ್ತಗಾಗಿದ್ದವು. ಅಷ್ಟು ಕೈ ಬಿದ್ದಿದ್ದವು ಅದರ ಮೇಲೆ.

ಶಶಿಕಲಾಗೆ ಮಕ್ಕಳ ಮೇಲೆ ಸಿಟ್ಟು ಬರಲಿಲ್ಲ. ದೇವದುರ್ಗ ತಾಲೂಕಿನ ಅರಕೇರಾದಿಂದ ಬಂದವಳು ಅವಳು. ಅಪ್ಪ ಮೌನಪ್ಪ ವರ್ಷದಲ್ಲಿ ಎಂಟು ತಿಂಗಳು ಊರು ಬಿಟ್ಟು ಕಟ್ಟಡದ ಕೆಲಸದಲ್ಲಿ ಇರುತ್ತಿದ್ದ. ಅವ್ವ ಗೋಪಮ್ಮ ಅಡುಗೆ ಕೆಲಸಕ್ಕೆ ಹೋಗುತ್ತಲೇ ಮಗಳನ್ನು ಓದಿಸಿದ್ದಳು. ಪಿಯುಸಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಶಶಿಕಲಾ ಮೂವತ್ತಕ್ಕೆ ಮೂವತ್ತು ಅಂಕ ತೆಗೆದುಕೊಂಡಿದ್ದಳು. ಬಿಎಸ್ಸಿಯೂ ಅಂಥ ಅಂಕಗಳಲ್ಲೇ ಮುಗಿದಿತ್ತು. ಆದರೆ ಕಲಬುರಗಿಯಲ್ಲಿ ಎಂಎಸ್ಸಿಗೆ ಸೇರಿದ ಮೊದಲ ವಾರ, ಬೆಳಕಿನ ಪ್ರಯೋಗದ ಉಪಕರಣದ ಮುಂದೆ ನಿಂತಾಗ, ಕೊಳವೆಯ ಯಾವ ತುದಿಗೆ ಕಣ್ಣಿಡಬೇಕೆಂಬುದು ಅವಳಿಗೆ ತಿಳಿಯಲಿಲ್ಲ. ತಪ್ಪು ತುದಿಗೆ ಕಣ್ಣಿಟ್ಟಳು. ಪಕ್ಕದ ಮೇಜಿನಲ್ಲಿ ಯಾರೋ ನಕ್ಕರು. ಅವತ್ತು ಸಂಜೆ ಹಾಸ್ಟೆಲಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದಳು. ಮೂವತ್ತಕ್ಕೆ ಮೂವತ್ತು ಬಂದವಳಿಗೆ ಏನೂ ಬರುವುದಿಲ್ಲ ಎಂಬುದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಹೀಗಾಗಿ ಮರುದಿನ ತರಗತಿಯಲ್ಲಿ ಅವಳು ಗದರಲಿಲ್ಲ. ಮೇಜಿನ ಮೇಲೆ ಎರಡು ಸೂಜಿ ನಿಲ್ಲಿಸಿ ಕೇಳಿದಳು. "ಪ್ಯಾರಲಾಕ್ಸ್ ಅಂದ್ರ ಏನು? ಯಾರರೆ ಹೇಳ್ರಿ."

ಮುಂದಿನ ಬೆಂಚಿನ ವಿಜಯಶ್ರೀ ಎದ್ದು ನಿಂತು ಇಂಗ್ಲಿಷಿನಲ್ಲಿ ಎರಡು ಸಾಲಿನ ವ್ಯಾಖ್ಯೆ ಒಪ್ಪಿಸಿದಳು. ಅವಳ ತಂದೆಯದು ಊರಿನಲ್ಲಿ ಅಕ್ಕಿ ಗಿರಣಿ. ಹತ್ತನೆಯ ತರಗತಿಯಲ್ಲಿ ತಾಲೂಕಿಗೇ ಎರಡನೆಯವಳಾಗಿ ಬಂದ ಹುಡುಗಿ.

"ಚೊಲೊ ಹೇಳಿದಿ. ಈಗ ಈ ಸೂಜಿ ನೋಡಿ ಹೇಳು. ಎರಡರಾಗ ಯಾವುದು ಹತ್ರ ಅದ?"

ವಿಜಯಶ್ರೀ ಸೂಜಿಗಳನ್ನು ನೋಡಿದಳು, ಮೇಡಂರ ಮುಖ ನೋಡಿದಳು. "ಮೇಡಂ, ನಮ್ಮ ರೆಕಾರ್ಡ್ ಎಲ್ಲಾ ಸೈನ್ ಆಗ್ಯಾವ್ರಿ," ಎಂದಳು.

"ಆಗಲಿ. ನಿಮ್ಮಾಗ ಬಸ್ಸಿಗೆ ಬರೋರು ಎಷ್ಟು ಮಂದಿ?"

ಮುಕ್ಕಾಲು ತರಗತಿ ಕೈ ಎತ್ತಿತು.

"ನಾನೂ ದಿನಾ ರಾಯಚೂರಿಂದ ಬಸ್ಸಿಗೇ ಬರ್ತೀನಿ. ಕಲ್ಮಲ ದಾಟಿದ ಮ್ಯಾಲೆ ಕಿಟಕಿಯಾಗ ನೋಡ್ರಿ. ರಸ್ತೆ ಬಾಜೂಕಿನ ಬೇವಿನ ಗಿಡ ಸರ್ರನೆ ಹಿಂದ ಓಡ್ತಾವ. ದೂರದ ಗುಡ್ಡ ನಮ್ಮ ಸಂಗಾಟನೇ ಬಂದಂಗ ಕಾಣ್ತದ. ನೀವು ಸರದಾಗ ಹತ್ರ ಇದ್ದದ್ದು ಜಾಸ್ತಿ ಸರೀತದ, ದೂರ ಇದ್ದದ್ದು ಕಡಿಮಿ. ಈಗ ತಲಿ ಎಡಕ್ಕ ಬಲಕ್ಕ ಆಡಿಸಿ ಈ ಸೂಜಿ ನೋಡ್ರಿ."

ನಲವತ್ತಾರು ತಲೆ ಎಡಕ್ಕೂ ಬಲಕ್ಕೂ ಆಡಿದವು. ಹಿಂದಿನ ಬೆಂಚಿನಲ್ಲಿ ಶಿವರಾಜ ಎಂಬ ಹುಡುಗ ಜೋರಾಗಿ ನಕ್ಕ. ಆಮೇಲೆ ಅವನೇ ಮೊದಲು ಕೂಗಿದ. "ಎಡಗಡಿದು ಹತ್ರ ಅದರಿ!"

"ಈಗ ಎರಡೂ ಒಂದೇ ಜಾಗದಾಗ ಇದ್ರ?"

ಗೋಡೆಯ ಪಕ್ಕ ಕುಳಿತಿದ್ದ ಶಿವಗಂಗಾ ಕುಳಿತಲ್ಲಿಂದಲೇ, ತನಗೆ ತಾನೇ ಹೇಳಿಕೊಂಡಂತೆ ಅಂದಳು. "ಜೋಡಿಲೇ ಸರೀತಾವ."

"ಅದೇ. ಜೋಡಿಲೇ ಸರದ್ರ ಪ್ಯಾರಲಾಕ್ಸ್ ಇಲ್ಲ."

ಶಿವಗಂಗಾ ಕಾಲುವೆಯ ಕೊನೆಯ ಹಳ್ಳಿಯೊಂದರಿಂದ ಬರುತ್ತಿದ್ದಳು. ಅವಳ ತಂದೆ ಪಂಪಾಪತಿ ಎರಡು ಎಕರೆ ಗದ್ದೆ ಮಾಡುತ್ತಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಇಲ್ಲಿ ಬಂದ ಮೇಲೆ ಪುಸ್ತಕವೆಲ್ಲ ಇಂಗ್ಲಿಷ್ ಆಗಿ, ಮೊದಲ ವರ್ಷ ಭೌತಶಾಸ್ತ್ರದಲ್ಲಿ ಅಂಚಿನಲ್ಲಿ ಪಾಸಾಗಿದ್ದಳು. ಏನು ಕೇಳಿದರೂ ಉತ್ತರ ತಡವಾಗಿ ಬರುತ್ತಿತ್ತು. ಅಷ್ಟರಲ್ಲಿ ಬೇರೆ ಯಾರೋ ಹೇಳಿಬಿಡುತ್ತಿದ್ದರು. ಶಶಿಕಲಾ ಇನ್ನು ಮುಂದೆ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ, ಆಮೇಲೆ ಕೈ ಎತ್ತಲು ಹೇಳುವ ರೂಢಿ ಮಾಡಿದಳು. ಮೊದಲು ಕನ್ನಡದಲ್ಲಿ ಅರ್ಥ, ಅದು ಕುಳಿತ ಮೇಲೆ ಪರೀಕ್ಷೆಯಲ್ಲಿ ಬರೆಯಬೇಕಾದ ಇಂಗ್ಲಿಷ್ ವಾಕ್ಯ. ಎರಡೇ ವಾಕ್ಯ ಸಾಕು, ಆದರೆ ಸ್ವಂತದ್ದಾಗಿರಬೇಕು.

ಪ್ರತಿ ಮಧ್ಯಾಹ್ನ ಎರಡು ತಾಸು ಪ್ರಯೋಗಾಲಯ ತೆರೆಸಿದಳು. ಕಪಾಟುಗಳನ್ನು ಖಾಲಿ ಮಾಡಿ ಒರೆಸಿದರು. ರಾಯಚೂರಿನಿಂದ ಅವಳೇ ನಾಲ್ಕು ಚಿಕ್ಕ ಮಸೂರಗಳನ್ನು ತಂದಳು. ಆ ಮಸೂರಗಳ ಸಂಗಮದೂರ, ಅಂದರೆ ಸೂರ್ಯನ ಬೆಳಕು ಮಸೂರ ದಾಟಿ ಒಂದು ಚುಕ್ಕೆಯಾಗಿ ಸೇರುವ ದೂರ, ಹತ್ತು ಸೆಂಟಿಮೀಟರ್. ಮಕ್ಕಳು ಅದನ್ನು ಮೊದಲು ಅಂಗಳದ ಬಿಸಿಲಿನಲ್ಲಿ ನೋಡಿದರು, ಆಮೇಲೆ ಒಳಗೆ ಬಂದು ಸೂಜಿಗಳಿಂದ ಅಳೆದರು.

"ಕಪಾಟಿನ ಮ್ಯಾಲಿನ ಪೆಟಗಿಯಾಗ ಏನದ?" ಎಂದು ಒಮ್ಮೆ ಕೇಳಿದ್ದಳು.

"ಅದು ಪರೀಕ್ಷಾ ಪೆಟಗಿರಿ," ಎಂದ ಖಾಜಾಮಿಯಾ. "ಪರೀಕ್ಷಿ ದಿನಾನೇ ತಗಿಯೋದು. ಹುಡುಗರ ಕೈಗೆ ಕೊಟ್ರ ಒಡೀತಾರಂತ ಹಿಂದಿನ ಸರ್ ಹಂಗ ಇಟ್ಟಿದ್ರು. ಅದರ ಮುಚ್ಚಳಕ್ಕ ಎಲ್ಲಾದರದೂ ಅಳತಿ ಬರದು ಅಂಟಿಸ್ಯಾರ."

ಶಶಿಕಲಾ ಆ ಪೆಟ್ಟಿಗೆ ತೆಗೆಸಿ ನೋಡಬೇಕಿತ್ತು. ಮುಂದಿನ ವಾರ ನೋಡೋಣ ಅಂದುಕೊಂಡಳು. ಮುಂದಿನ ವಾರ ವಿದ್ಯುತ್ ಪ್ರಯೋಗಗಳ ತಂತಿಗಳೆಲ್ಲ ತುಕ್ಕು ಹಿಡಿದಿದ್ದು ಗೊತ್ತಾಗಿ, ಅದರ ಹಿಂದೆ ಬಿದ್ದು, ಪೆಟ್ಟಿಗೆ ಮರೆತೇ ಹೋಯಿತು.

ಮಕ್ಕಳಿಗೆ ಅವಳು ಹೇಳಿದ್ದು ಒಂದೇ ನಿಯಮ. "ಕಂಡದ್ದನ್ನ ಬರೀರಿ. ತಪ್ಪು ಬಂದ್ರ ಆ ತಪ್ಪನ್ನೇ ಬರೀರಿ. ಯಾಕ ತಪ್ಪಾತಂತ ಆಮ್ಯಾಲೆ ಕೂಡಿ ಹುಡುಕೋಣ."

ಅವರು ತಲೆ ಆಡಿಸಿದರು. ಆದರೆ ಹಿರಿಯ ವಿದ್ಯಾರ್ಥಿಗಳಿಂದ ಬಂದ ಚೀಟಿಯೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಅದರಲ್ಲಿ ಪರೀಕ್ಷಾ ಪೆಟ್ಟಿಗೆಯ ಎಲ್ಲ ಉತ್ತರಗಳಿದ್ದವು. ಮಸೂರದ ಮುಂದೆ ಬರೆದಿತ್ತು: ಇಪ್ಪತ್ತು.

ಫೆಬ್ರುವರಿಯ ಮೊದಲ ಸೋಮವಾರ ಪರೀಕ್ಷೆ. ಹೊರಗಿನ ಪರೀಕ್ಷಕರಾಗಿ ಬಂದವರು ದೇವದುರ್ಗದ ರಾಮಲಿಂಗಪ್ಪ. ನಿವೃತ್ತಿಗೆ ಎರಡು ವರ್ಷ ಇದ್ದ ಹಿರಿಯರು. ಬೆಳಗಿನ ಬಸ್ಸಿನಲ್ಲಿ ಬಂದು, ಚಹಾ ಕುಡಿದು, ಕನ್ನಡಕ ಒರೆಸಿಕೊಂಡು ಕುಳಿತರು. ಖಾಜಾಮಿಯಾ ಪೆಟ್ಟಿಗೆ ಇಳಿಸಿ, ಮುಚ್ಚಳದ ಪಟ್ಟಿಯ ನಕಲನ್ನು ಅವರ ಮುಂದಿಟ್ಟ. ಒಳಗಿನ ಪರೀಕ್ಷಕಿ ಶಶಿಕಲಾ.

ಮೊದಲ ತಂಡದಲ್ಲಿ ಹನ್ನೆರಡು ಮಂದಿ. ಚೀಟಿ ಎತ್ತಿದಾಗ ನಾಲ್ವರಿಗೆ ಮಸೂರದ ಪ್ರಯೋಗ ಬಂತು. ವಿಜಯಶ್ರೀ, ಶಿವರಾಜ, ಅಲ್ಲಾಉದ್ದೀನ್ ಎಂಬ ಹುಡುಗ, ಮತ್ತು ಶಿವಗಂಗಾ. ನಾಲ್ಕು ಮೇಜು, ನಾಲ್ಕು ಮಸೂರ. ಎರಡು ತಾಸು ಸಮಯ.

ಶಶಿಕಲಾ ದೂರದಿಂದಲೇ ನೋಡುತ್ತ ತಿರುಗಾಡಿದಳು. ಪರೀಕ್ಷೆಯಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ. ಅರ್ಧ ತಾಸಿನಲ್ಲಿ ವಿಜಯಶ್ರೀಯ ಕೋಷ್ಟಕ ತುಂಬಿತ್ತು. ಆರು ಅಳತೆ. ಉತ್ತರಗಳು 19.9, 20.1, 20.0. ಅವಳ ಸೂಜಿಗಳು ಮಾತ್ರ ಇಟ್ಟಲ್ಲೇ ಇದ್ದವು. ಶಿವರಾಜ ಒಂದೆರಡು ಸಲ ಬಗ್ಗಿ ನೋಡಿದ, ತಲೆ ಕೆರೆದುಕೊಂಡ, ಆಮೇಲೆ ಅವನೂ ಬರೆಯತೊಡಗಿದ. ಶಶಿಕಲಾ ಕಿಟಕಿಯ ಕಡೆ ತಿರುಗಿ ನಿಂತಳು. ಎರಡು ತಿಂಗಳ ಮಧ್ಯಾಹ್ನಗಳು ಎಲ್ಲಿ ಹೋದವು ಅನ್ನಿಸಿತು ಅವಳಿಗೆ.

ಶಿವಗಂಗಾ ಇನ್ನೂ ಬರೆದಿರಲಿಲ್ಲ. ಅವಳೂ ಹಿರಿಯ ವಿದ್ಯಾರ್ಥಿಗಳ ಆ ಉತ್ತರದ ಚೀಟಿ ನೋಡಿದ್ದವಳೇ. ವಸ್ತುವಿನ ಸೂಜಿಯನ್ನು ಮಸೂರದಿಂದ ಮೂವತ್ತು ಸೆಂಟಿಮೀಟರಿಗೆ ಇಟ್ಟು, ಈಚೆ ಬದಿಯ ಸೂಜಿಯನ್ನು ಅರವತ್ತಕ್ಕೆ ಇಟ್ಟಿದ್ದಳು. ಸಂಗಮದೂರ ಇಪ್ಪತ್ತಾದರೆ ಬಿಂಬ ಬೀಳಬೇಕಾದದ್ದು ಅಲ್ಲೇ. ತಲೆ ಆಡಿಸಿದಳು. ಬಿಂಬ ಒಂದು ಕಡೆ, ಸೂಜಿ ಒಂದು ಕಡೆ. ಸೂಜಿಯನ್ನು ಮಸೂರದ ಕಡೆಗೆ ಸರಿಸುತ್ತ, ಸರಿಸುತ್ತ ಹೋದಳು. ಐವತ್ತು, ನಲವತ್ತು. ಮೂವತ್ತಕ್ಕೆ ಬಂದಾಗ ತಲೆಕೆಳಗಾದ ಬಿಂಬದ ತುದಿಯೂ ಸೂಜಿಯ ತುದಿಯೂ ಜೋಡಿಯಾಗಿ ಸರಿದವು. ಲೆಕ್ಕ ಹಾಕಿದರೆ ಹದಿನೈದು. ವಸ್ತುವನ್ನು ನಲವತ್ತಕ್ಕೆ ಒಯ್ದಳು, ಬಿಂಬ ಇಪ್ಪತ್ತನಾಲ್ಕಕ್ಕೆ ಬಂತು. ಮತ್ತೆ ಹದಿನೈದು.

ಅವಳು ರಬ್ಬರು ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಪಕ್ಕದ ಮೇಜಿನ ವಿಜಯಶ್ರೀಯ ಹಾಳೆಯತ್ತ ಒಮ್ಮೆ ನೋಡಿದಳು. ಇನ್ನೊಂದು ಸಲ ಅಳೆದಳು. ಕೊನೆಗೆ ಹಾಳೆ ಹಿಡಿದುಕೊಂಡು ಪರೀಕ್ಷಕರ ಮೇಜಿಗೆ ಬಂದಳು.

"ಸರ್, ನನಗ ಹದಿನೈದು ಬರಾಕತ್ತದರಿ."

ರಾಮಲಿಂಗಪ್ಪ ಪಟ್ಟಿಯ ಮೇಲೆ ಬೆರಳಿಟ್ಟರು. "ಎಲ್ಲ್ಯೋ ತಪ್ಪು ಮಾಡೀದಿ. ಮತ್ತೊಮ್ಮೆ ನೋಡು."

"ಮೂರು ಸಲ ನೋಡೀನ್ರಿ."

"ನಾಕನೇ ಸಲ ನೋಡು. ಆ ಹುಡುಗಿಗಿ ಎಲ್ಲಾ ಸರಿ ಬಂದದ, ನಿನಗ್ಯಾಕ ಬರಂಗಿಲ್ಲ?"

ಶಿವಗಂಗಾ ಹೋದಳು. ಹತ್ತು ನಿಮಿಷದ ನಂತರ ಮತ್ತೆ ಬಂದಳು. ಕಿವಿ ಕೆಂಪಾಗಿತ್ತು.

"ಹದಿನೈದೇರಿ ಸರ್. ಬಿಸಲಿಗೆ ಹಿಡದು ನೋಡ್ಲೇನ್ರಿ?"

ರಾಮಲಿಂಗಪ್ಪ ಶಶಿಕಲಾ ಕಡೆ ನೋಡಿದರು. ಅವಳಿಗೂ ಏನೂ ಗೊತ್ತಿರಲಿಲ್ಲ. ಹುಡುಗಿ ತಪ್ಪಿದ್ದಾಳೋ, ಪಟ್ಟಿ ತಪ್ಪಿದೆಯೋ. ಹಿರಿಯರು ನಿಟ್ಟುಸಿರು ಬಿಟ್ಟು ಎದ್ದರು. ಸ್ವಲ್ಪ ಬೇಸರದಿಂದಲೇ ಎದ್ದದ್ದು. ಆದರೆ ಎದ್ದರು.

ವರಾಂಡದ ಅಂಚಿನಲ್ಲಿ ಬಿಸಿಲಿತ್ತು. ಶಿವಗಂಗಾ ನೆಲದ ಮೇಲೆ ಬಿಳಿ ಹಾಳೆ ಇಟ್ಟು, ಮಸೂರವನ್ನು ಮೇಲೆ ಕೆಳಗೆ ಆಡಿಸಿ, ಬೆಳಕು ಸಾಸಿವೆಯಷ್ಟು ಚಿಕ್ಕದಾದಲ್ಲಿ ನಿಲ್ಲಿಸಿದಳು. ಹಾಳೆಯಿಂದ ಸಣ್ಣ ಹೊಗೆ ಎದ್ದಿತು. ರಾಮಲಿಂಗಪ್ಪ ಮೊಣಕಾಲೂರಿ ಸ್ಕೇಲು ಹಿಡಿದರು. ಹದಿನೈದು. ಕಡ್ಡಿಯಷ್ಟೂ ಹೆಚ್ಚಿಲ್ಲ.

"ಉಳಿದ ಮೂರೂ ತಗೊಂಬಾ," ಎಂದರು.

ಖಾಜಾಮಿಯಾ ತಂದ. ಮೂರೂ ಹದಿನೈದು.

ಅವರು ಪಟ್ಟಿಯನ್ನು ಮತ್ತೊಮ್ಮೆ ಓದಿದರು. ಆಗ ಖಾಜಾಮಿಯಾ ಹೆಗಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಂಡುತ್ತ ಮುಂದೆ ಬಂದ.

"ಸರ್, ನಾ ಒಂದು ಮಾತು ಹೇಳ್ತೀನ್ರಿ. ಒಂಬತ್ತು ವರ್ಷದ ಹಿಂದ ಸುಣ್ಣ ಬಳಿಯೋವಾಗ ಪೆಟಗಿ ಬಿದ್ದು ಹಳೇ ಮಸೂರ ನಾಕೂ ಒಡದ್ವು. ನಾನೇ ರಾಯಚೂರಿಗೆ ಹೋಗಿ ತಂದೆ. ಇಪ್ಪತ್ತರವು ಸಿಗಲಿಲ್ರಿ, ಹದಿನೈದರವು ಕೊಟ್ರು. ಆವಾಗಿನ ಸರ್‌ಗೆ ಹೇಳಿದೆ. ಪಟ್ಟಿ ತಿದ್ದೋಣ ಅಂದ್ರು, ಮರತ್ರು."

"ನೀ ಮತ್ತ ನೆನಪು ಮಾಡಲಿಲ್ಲೇನು?"

"ಮಾಡಬೇಕಂದೆರಿ. ಅಷ್ಟ್ರಾಗ ಪರೀಕ್ಷಿ ಬಂತು. ಹುಡುಗ್ರು ಎಲ್ಲಾರಿಗೂ ಇಪ್ಪತ್ತೇ ಬಂತು. ಮರುವರ್ಷನೂ ಇಪ್ಪತ್ತು. ನಾ ಓದಿದಾವಲ್ಲರಿ ಸರ್. ಇಷ್ಟು ಮಂದಿ ಓದಿದೋರು ಇಪ್ಪತ್ತು ಅಂತ ಬರದ ಮ್ಯಾಲೆ, ಅಂಗಡಿಯಾವನೇ ಸುಳ್ಳು ಹೇಳಿರಬೇಕು, ಇಪ್ಪತ್ತರವೇ ಕೊಟ್ಟಿರಬೇಕು ಅಂತ ಸುಮ್ನಾದೆ."

ಒಂಬತ್ತು ವರ್ಷ, ನಾಲ್ಕು ಮಸೂರ, ಎಷ್ಟು ಮಕ್ಕಳು ಎಂದು ಶಶಿಕಲಾ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು.

ರಾಮಲಿಂಗಪ್ಪ ವರಾಂಡದ ಕಟ್ಟೆಯ ಮೇಲೆ ಕುಳಿತರು. "ನಾಕು ವರ್ಷದ ಹಿಂದ ಇಲ್ಲಿಗಿ ಬಂದಾವ ನಾನೇ," ಎಂದರು ನಿಧಾನವಾಗಿ. "ಹನ್ನೊಂದು ಮಂದಿಗಿ ಪೂರಾ ಮಾರ್ಕ್ಸ್ ಹಾಕಿ, ಊಟ ಮಾಡಿ, ಬಸ್ ಹತ್ತಿದ್ದೆ. ಭಾಳ ಚೊಲೊ ತಯಾರಿ ಮಾಡಿಸ್ಯಾರ ಅಂತ ಬರದೂ ಬರದಿದ್ದೆ." ಆಮೇಲೆ ಶಿವಗಂಗಾಳ ಕಡೆ ತಿರುಗಿದರು. "ಹೋಗವ್ವಾ. ಉಳಿದ ರೀಡಿಂಗ್ ಮುಗಸು. ಹದಿನೈದಂತಲೇ ಬರಿ."

ಅವಳು ಓಡುನಡಿಗೆಯಲ್ಲಿ ಒಳಗೆ ಹೋದಳು. ರಾಮಲಿಂಗಪ್ಪ ತಗ್ಗಿದ ದನಿಯಲ್ಲಿ ಶಶಿಕಲಾಗೆ ಹೇಳಿದರು. "ಉಳಿದ ಮೂವರದು ಏನು ಮಾಡೋಣ ಮೇಡಂ? ಮಸೂರ ನೋಡದ ಬರದಾರ. ನಿಯಮದ ಪ್ರಕಾರ ಆ ಭಾಗಕ್ಕ ಸೊನ್ನಿ ಹಾಕಬೇಕು."

ಶಶಿಕಲಾ ಬಾಗಿಲಿನಿಂದ ಒಳಗೆ ನೋಡಿದಳು. ವಿಜಯಶ್ರೀ ಎಲ್ಲ ಕೇಳಿಸಿಕೊಂಡಿದ್ದಳು. ಪೆನ್ನು ಹಿಡಿದ ಕೈ ಮೇಜಿನ ಮೇಲೆ ಸತ್ತಂತೆ ಬಿದ್ದಿತ್ತು.

"ಸರ್," ಎಂದಳು ಶಶಿಕಲಾ. "ಇದನ್ನ ನಾ ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಪಿಯುಸಿಯಾಗ ನನಗ ಮೂವತ್ತಕ್ಕ ಮೂವತ್ತು ಬಂದಿತ್ತು. ಒಂದು ಪ್ರಯೋಗನೂ ಮಾಡಿರಲಿಲ್ಲ. ಎಲ್ಲಾ ನೋಡಿ ಬರದದ್ದು. ಬಿಎಸ್ಸಿಯಾಗೂ ಹಂಗೇ. ಎಂಎಸ್ಸಿಗಿ ಹೋದಾಗ ಯಾವ ಕಡಿಂದ ನೋಡ್ಬೇಕಂತ ಸೈತ ಗೊತ್ತಿರಲಿಲ್ಲ. ಅವತ್ತು ನನ್ನನ್ನ ಯಾರರೆ ತಡದು, ಮತ್ತೊಮ್ಮೆ ಮಾಡು ಅಂದಿದ್ರ ಎಷ್ಟು ಚೊಲೊ ಆಗ್ತಿತ್ತು ಅಂತ ಈಗೂ ಅನಸ್ತದ. ಇನ್ನೂ ಐವತ್ತು ನಿಮಿಷ ಅದ. ಹಾಳಿ ಇನ್ನೂ ಅವರ ಕೈಯಾಗೇ ಅದಾವ. ಹೊಡದು ಹಾಕಿ ಮತ್ತ ಮಾಡ್ಲಿ. ಬಂದಷ್ಟಕ್ಕ ಮಾರ್ಕ್ಸ್ ಹಾಕ್ರಿ."

ರಾಮಲಿಂಗಪ್ಪ ಗಡಿಯಾರ ನೋಡಿದರು. "ಪರೀಕ್ಷಿ ಮುಗಿಯೋ ತನಕ ತಿದ್ದೋದು ಅವರ ಹಕ್ಕು," ಎಂದು ಎದ್ದರು. ಒಳಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಪಟ್ಟಿ ತಪ್ಪದ. ಮಸೂರ ಏನು ಹೇಳ್ತದೋ ಅದೇ ಖರೇ. ಯಾರಿಗಿ ಮತ್ತ ಮಾಡಬೇಕಾಗ್ಯದ, ಮಾಡ್ರಿ. ಗಾಬರಿ ಬ್ಯಾಡ."

ಶಿವರಾಜ ತಕ್ಷಣ ಕೋಷ್ಟಕದ ಮೇಲೆ ಗೆರೆ ಎಳೆದ. "ನನಗ ಆವಾಗೇ ಹದಿನೈದು ಬಂದಿತ್ತುರಿ," ಎಂದು ಗೊಣಗಿದ. "ಹೆದರಿ ಇಪ್ಪತ್ತು ಮಾಡಿದೆ." ಅವನು ಇಪ್ಪತ್ತು ನಿಮಿಷದಲ್ಲಿ ಆರೂ ಅಳತೆ ಮುಗಿಸಿದ. ಅವನ ಕೈ ಸೂಜಿಗಳನ್ನು ಸರಿಸುವ ರೀತಿ ನೋಡಿ ಶಶಿಕಲಾಗೆ ತನ್ನ ಮಧ್ಯಾಹ್ನಗಳು ಎಲ್ಲೂ ಹೋಗಿಲ್ಲ ಅನ್ನಿಸಿತು. ಅಲ್ಲಾಉದ್ದೀನ್ ನಾಲ್ಕು ಅಳತೆ ಮಾಡಿದ. ಒಂದು 14.6, ಒಂದು 15.4. ಎರಡನ್ನೂ ಹಾಗೇ ಬಿಟ್ಟ, ತಿದ್ದಲಿಲ್ಲ.

ವಿಜಯಶ್ರೀಗೆ ಆಗಲಿಲ್ಲ. ಆ ಎರಡು ತಿಂಗಳೂ ಅವಳು ಮಧ್ಯಾಹ್ನ ಟ್ಯೂಷನ್ನಿಗೆ ಹೋಗುತ್ತಿದ್ದಳು, ಪ್ರಯೋಗಾಲಯಕ್ಕೆ ಬಂದದ್ದು ಎರಡೇ ಸಲ. ತಲೆ ಆಡಿಸಿದಳು, ಸೂಜಿ ಸರಿಸಿದಳು. ಕಣ್ಣಲ್ಲಿ ನೀರು ತುಂಬಿದಾಗ ಬಿಂಬವೂ ಕಲಸಿಹೋಗುತ್ತಿತ್ತು. ಗಂಟೆ ಬಾರಿಸಿದಾಗ ಅವಳ ಹೊಸ ಕೋಷ್ಟಕದಲ್ಲಿ ಒಂದು ಸಾಲು ಪೂರ್ತಿಯಾಗಿತ್ತು, ಎರಡನೆಯದು ಅರ್ಧ. ಹಾಳೆ ಕೊಟ್ಟು ಯಾರ ಮುಖವನ್ನೂ ನೋಡದೆ ಹೋದಳು.

ಮೂರನೆಯ ದಿನ ಪ್ರಿನ್ಸಿಪಾಲ್ ಶರಣಯ್ಯ ಶಶಿಕಲಾಳನ್ನು ಕೋಣೆಗೆ ಕರೆದರು. ವಿಜಯಶ್ರೀಯ ತಂದೆ ಬಂದು ಹೋಗಿದ್ದರು.

"ಕುಂಡ್ರಿ ಮೇಡಂ. ಅವರು ಸಿಟ್ಟಿನ್ಯಾಗ ಅದಾರ. ಪಟ್ಟಿ ತಪ್ಪಿದ್ದು ಕಾಲೇಜಿನ ತಪ್ಪು, ನಮ್ಮ ಹುಡುಗಿಗ್ಯಾಕ ಶಿಕ್ಷಿ ಅಂತಾರ. ಪಟ್ಟಿ ಪ್ರಕಾರ ಇಪ್ಪತ್ತು ಬರದದ್ದಕ್ಕ ಪೂರಾ ಮಾರ್ಕ್ಸ್ ಬರಬೇಕಿತ್ತಂತ."

"ಪಟ್ಟಿ ನೋಡದೇ ಇದ್ದದ್ದು ನನ್ನ ತಪ್ಪುರಿ ಸರ್. ಪೆಟಗಿ ಮೊದಲೇ ತಗಿಸಿ ಅಳದಿದ್ರ ಇದು ಆಗ್ತಿರಲಿಲ್ಲ. ಅದನ್ನ ನಾ ಬರದು ಕೊಡ್ತೀನಿ. ಆದ್ರ ಆ ಹುಡುಗಿ ಪಟ್ಟಿಯಾಗಿನ ಉತ್ತರ ಬರೀಬಾರದಿತ್ತು, ಮಸೂರ ನೋಡಿ ಬರೀಬೇಕಿತ್ತು. ಅದನ್ನ ಆಕಿಗಿ ಕಲಸದೇ ಬಿಟ್ಟದ್ದೂ ನಮ್ಮದೇ ತಪ್ಪು."

ಶರಣಯ್ಯ ಗಣಿತದವರು. ವಿಭೂತಿ ಹಚ್ಚಿದ ಹಣೆ ಉಜ್ಜಿಕೊಂಡರು. "ಎಷ್ಟು ವರ್ಷದಿಂದ ಹಿಂಗ ನಡದಿತ್ತಂದ್ರಿ?"

"ಒಂಬತ್ತು."

"ಆ ಒಂಬತ್ತರಾಗ ಆರು ವರ್ಷ ಈ ಕುರ್ಚಿಯಾಗ ನಾನೇ ಇದ್ದೆ." "ಬರದು ಕೊಡೋದೇನೂ ಬ್ಯಾಡ. ಪಟ್ಟಿ ತಿದ್ರಿ. ಅವರ ಸಂಗಾಟ ನಾ ಮಾತಾಡ್ತೀನಿ."

ಉಳಿದ ತಂಡಗಳ ಪರೀಕ್ಷೆ ಮುಗಿದ ಮೇಲೆ ಶಶಿಕಲಾ ಮತ್ತು ಖಾಜಾಮಿಯಾ ಪೆಟ್ಟಿಗೆಯನ್ನು ಮೇಜಿನ ಮೇಲೆ ಖಾಲಿ ಮಾಡಿದರು. ಮಸೂರ, ದರ್ಪಣ, ತಂತಿಯ ಸುರುಳಿ, ಗಾಜಿನ ಪಟ್ಟಕ, ಒಂದೊಂದನ್ನೇ ಅಳೆದರು. ಮೊದಲ ದಿನ ಅವಳು ಅಳೆದಳು, ಅವನು ಬರೆದುಕೊಂಡ. ಎರಡನೆಯ ದಿನ ಅವಳು ಸೂಜಿಗಳನ್ನು ಅವನ ಕಡೆ ತಳ್ಳಿದಳು.

"ನನಗ ಬರಂಗಿಲ್ಲರಿ ಮೇಡಂ."

"ಮಸೂರ ಹದಿನೈದರವು ಅಂತ ಒಂಬತ್ತು ವರ್ಷ ಗೊತ್ತಿದ್ದದ್ದು ನಿಮಗೊಬ್ಬರಿಗೇ. ಬರ್ರಿ, ತಲಿ ಆಡಸ್ರಿ."

ಖಾಜಾಮಿಯಾ ನಾಚಿಕೊಂಡು ಬಗ್ಗಿದ. ಅವನಿಗೆ ಅದು ಬೇಗ ಬಂತು. ಇಪ್ಪತ್ತೆರಡು ವರ್ಷ ಉಪಕರಣ ಒರೆಸಿದ ಕೈ, ಅಲುಗುತ್ತಿರಲಿಲ್ಲ. ಪಟ್ಟಿಯಲ್ಲಿ ಇನ್ನೂ ಮೂರು ತಪ್ಪು ಸಿಕ್ಕವು. ಒಂದನ್ನು ಹಿಡಿದವನು ಅವನೇ.

ಮಾರ್ಚಿನಲ್ಲಿ ಬರಹದ ಪರೀಕ್ಷೆ ನಡೆದು, ಏಪ್ರಿಲಿನಲ್ಲಿ ಫಲಿತಾಂಶ ಬಂತು. ಭೌತಶಾಸ್ತ್ರದಲ್ಲಿ ನಲವತ್ತಾರರಲ್ಲಿ ಏಳು ಮಂದಿ ಫೇಲಾದರು. ಹಿಂದಿನ ವರ್ಷ ಹತ್ತೊಂಬತ್ತು ಮಂದಿ ಆಗಿದ್ದರು. ಶಶಿಕಲಾ ಆ ಏಳು ಮಂದಿಯ ಮನೆಗೂ ಫೋನು ಮಾಡಿ, ಎರಡನೆಯ ಪರೀಕ್ಷೆಗೆ ದಿನವೂ ಬೆಳಿಗ್ಗೆ ಪಾಠ ಎಂದು ತಿಳಿಸಿದಳು. ಐವರು ಬಂದರು. ಶಿವಗಂಗಾಗೆ ಪ್ರಾಯೋಗಿಕದಲ್ಲಿ ಇಪ್ಪತ್ತೊಂಬತ್ತು, ಒಟ್ಟು ಎಪ್ಪತ್ತೊಂದು ಬಂದಿತ್ತು. ಅವಳ ತಂದೆ ಪಂಪಾಪತಿ ಮಗಳ ಜೊತೆ ಬಂದು, ಬಾಗಿಲಾಚೆ ಚಪ್ಪಲಿ ಬಿಟ್ಟು, ಒಳಗೆ ನಿಂತು ಕೇಳಿದ. "ಯವ್ವಾ, ಇದನ್ನ ಓದಿದ್ರ ಮುಂದೇನಾಗ್ತಾಳ?"

"ಬಿಎಸ್ಸಿ ಓದ್ಲಿರಿ ರಾಯಚೂರಾಗ. ಹಾಸ್ಟೆಲ್ ಅರ್ಜಿ ನಾ ತುಂಬಿ ಕೊಡ್ತೀನಿ. ಮುಂದ ಟೀಚರ್ ಆಗಬೌದು, ಮತ್ತೇನರೆ ಆಗಬೌದು. ಈಗೇ ಹೇಳಾಕ ಬರಂಗಿಲ್ಲ."

"ಆಕಿ ಏನಂತಾಳ ಕೇಳ್ರಿ," ಎಂದ ಅವನು.

ಶಶಿಕಲಾ ಕೇಳಿ, ಕಾದಳು. ಇಪ್ಪತ್ತರವರೆಗೆ ಎಣಿಸುವ ಮೊದಲೇ ಶಿವಗಂಗಾ ಹೇಳಿದಳು. "ಓದ್ತೀನ್ರಿ."

ಎರಡನೆಯ ಪರೀಕ್ಷೆಯ ಪಾಠಗಳು ನಡೆಯುತ್ತಿದ್ದ ದಿನಗಳಲ್ಲೇ, ಒಂದು ಬೆಳಿಗ್ಗೆ ವಿಜಯಶ್ರೀ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಳು. ಪ್ರಾಯೋಗಿಕದಲ್ಲಿ ಅವಳಿಗೆ ಹತ್ತೊಂಬತ್ತು ಬಂದಿತ್ತು. ಉಳಿದದ್ದರಲ್ಲಿ ಚೆನ್ನಾಗಿ ಬರೆದಿದ್ದರಿಂದ ಡಿಸ್ಟಿಂಕ್ಷನ್ ತಪ್ಪಿರಲಿಲ್ಲ. ಮೈಸೂರಿನ ಒಂದು ಕಾಲೇಜಿಗೆ ಸೇರಿಸಲು ಮನೆಯಲ್ಲಿ ಗೊತ್ತುಮಾಡಿದ್ದರು.

"ಬಾ," ಎಂದಳು ಶಶಿಕಲಾ. "ಏನಾರೆ ಕಾಗದಕ್ಕ ಸೈನ್ ಬೇಕೇನು?"

"ಇಲ್ರಿ." ಅವಳು ಒಳಗೆ ಬರಲಿಲ್ಲ. "ಮೇಡಂ, ಅವತ್ತು ನನಗ ಒಂದೇ ರೀಡಿಂಗ್ ಬಂದಿತ್ತು."

"ಗೊತ್ತದ."

"ಅಪ್ಪಾ ಇಲ್ಲಿ ಬಂದು ಮಾತಾಡಿದ್ದು ನನಗ ಆಮ್ಯಾಲೆ ಗೊತ್ತಾತ್ರಿ. ನಾ ಕಳಿಸಿರಲಿಲ್ಲ." ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. "ಆರೂ ರೀಡಿಂಗ್ ಒಮ್ಮೆ ಮಾಡಬೇಕ್ರಿ. ಮಾರ್ಕ್ಸಿಗಲ್ಲ."

ಶಶಿಕಲಾ ಖಾಜಾಮಿಯಾನ ಕಡೆ ನೋಡಿದಳು. ಅವನು ಆಗಲೇ ಮೇಜು ಒರೆಸುತ್ತಿದ್ದ. ಮಸೂರ ಇಟ್ಟು, ಸೂಜಿಗಳನ್ನು ನಿಲ್ಲಿಸಿ, "ಕಣ್ಣು ಸೂಜಿಗಿ ಭಾಳ ಹತ್ರ ತರಬ್ಯಾಡವ್ವಾ," ಎಂದ. "ಒಂದು ಗೇಣು ಹಿಂದ ನಿಂದ್ರು. ಹಾಂ, ಹಂಗ. ಈಗ ತಲಿ ಆಡಸು, ಸಾವಕಾಶ."

ಮೊದಲ ಅಳತೆಗೆ ಅರ್ಧ ತಾಸು ಹಿಡಿಯಿತು. ಎರಡನೆಯದಕ್ಕೆ ಹತ್ತು ನಿಮಿಷ. ಶಶಿಕಲಾ ಆಚೆಯ ಕೋಣೆಯಲ್ಲಿ ಐವರಿಗೆ ವಿದ್ಯುತ್ತಿನ ಪಾಠ ಮಾಡಿ ಮುಗಿಸಿ ಬರುವಷ್ಟರಲ್ಲಿ ಹನ್ನೊಂದೂವರೆಯಾಗಿತ್ತು. ವಿಜಯಶ್ರೀ ಆರನೆಯ ಸಾಲು ಬರೆಯುತ್ತಿದ್ದಳು. ಹಣೆಯ ಮೇಲೆ ಬೆವರಿತ್ತು, ಜಡೆ ಬಿಚ್ಚಿತ್ತು.

"ಎಷ್ಟು ಬಂತು?"

"ಹದಿನೈದು ಪಾಯಿಂಟ್ ಎರಡುರಿ. ಒಂದು ಹದಿನಾಲ್ಕೂವರೆ ಬಂದದ, ಅದು ಯಾಕಂತ ತಿಳೀವಲ್ದು."

ಶಶಿಕಲಾ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತಳು. "ಸೂಜಿ ಮೊದಲು ಎಲ್ಲಿ ಇಟ್ಟಿದ್ದಿ, ತೋರಸು," ಎಂದಳು. ಇಬ್ಬರೂ ಬಗ್ಗಿ ನೋಡತೊಡಗಿದರು.